ನನ್ನ ಹೆಂಡತಿ ಪ್ರಶ್ನೆ ಕೇಳದ ಹತ್ತು ದಿನ

ಹೆಂಡತಿ ಬಹಳ ಪ್ರಶ್ನೆ ಕೇಳುತ್ತಾಳೆ ಎಂದು ಗೋಳಾಡುವ ಗಂಡಂದಿರು ಬೀದಿಗೆ ಹತ್ತು ಜನ ಸಿಗುತ್ತಾರೆ. ಹೆಂಡತಿ ಒಂದು ಪ್ರಶ್ನೆಯನ್ನೂ ಕೇಳುತ್ತಿಲ್ಲವಲ್ಲಾ ಎಂದು ಗೋಳಾಡಿದವನು ಬಹುಶಃ ನಾನೊಬ್ಬನೇ. ಅದೂ ಒಂದು ದಿನ ಎರಡು ದಿನ ಅಲ್ಲ, ಬರೋಬ್ಬರಿ ಹತ್ತು ದಿನ, ಊಟ ಸೇರದಷ್ಟು ಗೋಳಾಡಿದೆ. ನನ್ನ ಕಥೆ ಕೇಳಿ ನಗುವವರು ಧಾರಾಳವಾಗಿ ನಗಿ. ನಕ್ಕು ಮುಗಿದ ಮೇಲೆ ಒಂದು ಸಲ ‘ಪಾಪ’ ಅಂದುಬಿಟ್ಟರೆ ಸಾಕು.

ನನ್ನಾಕೆಯ ಮಾಮೂಲಿ ಕ್ರಮ ಹೇಗೆಂದು ಮೊದಲು ತಿಳಿದಿರಲಿ. ನಾನು ಒಂದು ಸೋಪು ತರಲು ಹೋಗಿ ಬಂದೆ ಅನ್ನಿ. ‘ಯಾವ ಅಂಗಡಿಗೆ ಹೋಗಿದ್ರಿ? ಅಲ್ಲಿಗೇ ಯಾಕೆ? ದಾರೀಲಿ ಯಾರ್ ಸಿಕ್ಕಿದ್ರು? ಅವರೇನಂದ್ರು? ಅದಕ್ಕೆ ನೀವೇನಂದ್ರಿ? ಹಾಗ್ಯಾಕಂದ್ರಿ?’ (ಈ ಕೊನೆಯ ಪ್ರಶ್ನೆಗೆ ಹದಿನಾರು ವರ್ಷಗಳಲ್ಲಿ ನನ್ನಿಂದ ಒಂದು ಸರಿಯಾದ ಉತ್ತರ ಹೊರಟಿಲ್ಲ.) ಅತ್ತೆಗೂ ಸೊಸೆಗೂ ಎಣ್ಣೆ ಸೀಗೇಕಾಯಿ ಎನ್ನುತ್ತಾರಲ್ಲ, ಆ ಭಾಗ್ಯವೂ ನನಗಿಲ್ಲ. ನನ್ನಮ್ಮ ಸಂಪೂರ್ಣವಾಗಿ ಅವಳ ಪಕ್ಷ. ಒಬ್ಬರು ಪ್ರಶ್ನೆ ಹಾಕುತ್ತಾರೆ, ಇನ್ನೊಬ್ಬರು ಉತ್ತರವನ್ನು ತಿರುವಿ ಹಾಕಿ ನೋಡುತ್ತಾರೆ. ‘ಬೆಳಗ್ಗೆ ಬೇರೆ ಹೇಳ್ದೆ ಕಣೋ’ ಎನ್ನುವುದು ಅಮ್ಮನ ಪಾಲಿಗೆ ಬಂದ ವಾಕ್ಯ.

ಇನ್ನು ನನ್ನ ಉದ್ಯೋಗ. ನಾನು ಒಂದು ನಿಘಂಟು ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಉಪಸಂಪಾದಕ. ಕಚೇರಿಯೆಂದರೆ ಎರಡು ಕೋಣೆ, ಗೋಡೆಯುದ್ದಕ್ಕೂ ಮರದ ಖಾನೆಗಳು, ಖಾನೆಗಳ ತುಂಬ ಅಂಗೈಯಗಲದ ಚೀಟಿಗಳು. ಫ್ಯಾನ್ ಹಾಕಿದರೆ ಭಾಷೆಯೆಲ್ಲ ಹಾರಿಹೋಗುತ್ತದೆಂದು ಬೇಸಿಗೆಯಲ್ಲೂ ಬೆವರುತ್ತಾ ಕೂರುತ್ತೇವೆ. ಪ್ರತಿ ಚೀಟಿಯ ತಲೆಯ ಮೇಲೆ ಒಂದು ಪದ, ಅದರ ಕೆಳಗೆ ಅದನ್ನು ಆಡಿದವರು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಎಂಬ ವಿವರ, ಕೊನೆಗೆ ಅವರಾಡಿದ ವಾಕ್ಯ. ನಮ್ಮ ಪ್ರಧಾನ ಸಂಪಾದಕರನ್ನು ನಾವೆಲ್ಲ ‘ದೊಡ್ಡವರು’ ಎನ್ನುತ್ತೇವೆ. ಅವರದು ಎರಡು ಕಟ್ಟುನಿಟ್ಟಿನ ನಿಯಮ. ಒಂದು, ಮಾತನ್ನು ಕೇಳಿಸಿಕೊಳ್ಳಬೇಕೇ ಹೊರತು ‘ಈ ಪದ ಹಾಕಿ ಒಂದು ವಾಕ್ಯ ಹೇಳಿ’ ಎಂದು ಯಾರನ್ನೂ ಕೇಳಬಾರದು. ಎರಡು, ಮಾತು ಮೊದಲು, ಚೀಟಿ ಆಮೇಲೆ. ಚೀಟಿ ಬರೆದಿಟ್ಟುಕೊಂಡು ಮಾತಿಗೆ ಕಾಯುವವನನ್ನು ಅವರು ‘ಕಳ್ಳ’ ಎಂದೇ ಕರೆಯುತ್ತಾರೆ.

ಇಂಥ ಕಚೇರಿಯಲ್ಲಿ ಸಹಾಯಕ ಸಂಪಾದಕನ ಕುರ್ಚಿ ಖಾಲಿಯಾಯಿತು. ಕಿಟಕಿಯ ಪಕ್ಕದ ಕುರ್ಚಿ, ಎರಡು ಕೈಗಳಿರುವ ಕುರ್ಚಿ! ಹನ್ನೊಂದು ವರ್ಷ ಕೈಯಿಲ್ಲದ ಕುರ್ಚಿಯಲ್ಲಿ ಕೂತವನಿಗೇ ಗೊತ್ತು ಅದರ ಬೆಲೆ. ಪೈಪೋಟಿಗೆ ಇದ್ದದ್ದು ನಾನು ಮತ್ತು ಪೆನ್ಸಿಲ್. ಪೆನ್ಸಿಲ್ ಅಂದರೆ ನನ್ನ ಸಹೋದ್ಯೋಗಿ, ನಮ್ಮ ಹಿಂದಿನ ಬೀದಿಯಲ್ಲೇ ಅವನ ಮನೆ. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾನೆ. ಕ್ಷೌರಕ್ಕೆ ಕೂತಾಗಲೂ ತೆಗೆಯುವುದಿಲ್ಲವೆಂದು ಕ್ಷೌರದವನೇ ನನಗೆ ಹೇಳಿದ್ದಾನೆ.

ದೊಡ್ಡವರು ನಮ್ಮಿಬ್ಬರನ್ನೂ ಕರೆದು ಒಂದೊಂದು ಪಟ್ಟಿ ಕೈಗಿತ್ತರು. ಕೇಳಿ ತಿಳಿಯುವ, ಹುಡುಕಿ ತಿಳಿಯುವ ಹತ್ತೊಂಬತ್ತು ಪದಗಳು. ವಿಚಾರಿಸು, ಕೆದಕು, ಜಾಲಾಡು, ಬಾಯಿಬಿಡಿಸು, ಪತ್ತೆಹಚ್ಚು, ತನಿಖೆ, ತಪಾಸಣೆ, ಸಮೀಕ್ಷೆ, ಸಂಶೋಧನೆ, ಪಾಟೀಸವಾಲು... ಹೀಗೆ.

“ನೋಡ್ರಿ, ಪುಸ್ತಕದ ವಾಕ್ಯ ನನಗೆ ಬೇಡ, ಅದು ರಾಶಿ ಬಿದ್ದಿದೆ,” ಎಂದರು. “ಮನುಷ್ಯರ ಬಾಯಿಂದ ಬಂದ ಬಿಸಿ ಬಿಸಿ ಮಾತು ಬೇಕು. ಬರೋ ತಿಂಗಳು ಮೊದಲನೇ ತಾರೀಕು ಇಬ್ಬರೂ ಚೀಟಿ ತನ್ನಿ. ಯಾರ ಚೀಟೀಲಿ ಜೀವ ಇರುತ್ತೋ, ಕುರ್ಚಿ ಅವರದು.”

ಪೆನ್ಸಿಲ್ ಮುಖ ಚಿಕ್ಕದು ಮಾಡಿಕೊಂಡ. ಪಾಪ, ಅವನ ಹೆಂಡತಿ ಮಿತಭಾಷಿ. ನನಗೋ ಒಳಗೊಳಗೇ ನಗು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಯಾಕೆ ಅಲೆಯಬೇಕು? ಹತ್ತೊಂಬತ್ತು ಏನು, ನನ್ನ ಹೆಂಡತಿ ಮನಸ್ಸು ಮಾಡಿದರೆ ಒಂದು ಊಟದ ಹೊತ್ತಿಗೆ ಇಡೀ ಸಂಪುಟಕ್ಕಾಗುವಷ್ಟು ಕೊಟ್ಟಾಳು. ಆದರೆ ದಿನಾ ಕೇಳುವ ಸೋಪಿನ ಪ್ರಶ್ನೆಗಳಲ್ಲಿ ‘ಪಾಟೀಸವಾಲು’ ಮಟ್ಟದ ಬಿಸಿ ಬರುವುದಿಲ್ಲ. ಅವಳಿಗೆ ಒಂದು ಗುಟ್ಟು ಬೇಕು. ಇಲ್ಲದಿದ್ದರೆ ನಾನೇ ಒಂದನ್ನು ತಯಾರಿಸಬೇಕು.

ಆ ಸಂಜೆಯೇ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ಹುಡುಕಿ, ಮೇಲೆ ನೀಲಿ ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿದೆ. ಪೆಟ್ಟಿಗೆ ಖಾಲಿಯಿದ್ದರೆ ಎತ್ತಿದ ಕೂಡಲೇ ಗೊತ್ತಾಗಿಬಿಡುತ್ತದಲ್ಲ? ಒಳಗೆ ಏನಾದರೂ ಬೇಕಿತ್ತು. ಆಗ ನನ್ನ ತಲೆಗೆ ಒಂದು ಯೋಚನೆ ಹೊಳೆಯಿತು. (ಇದು ಹೊಳೆಯದೇ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.) ಹತ್ತೊಂಬತ್ತು ಚೀಟಿಗಳನ್ನು ನಾನು ಆಗಲೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಪದ: ಕೆದಕು. ಆಡಿದವರು: ಹೆಂಡತಿ. ಸ್ಥಳ: ಅಡುಗೆಮನೆ. ಸಂದರ್ಭ: ಬೀರುವಿನ ಮೇಲಿನ ಪೆಟ್ಟಿಗೆ ಕಂಡು ಅನುಮಾನ. ವಾಕ್ಯದ ಜಾಗ ಮಾತ್ರ ಬಿಟ್ಟಿದ್ದೆ. ದೊಡ್ಡವರ ಎರಡನೇ ನಿಯಮ ನನಗೆ ನೆನಪಿರಲಿಲ್ಲವೆಂದಲ್ಲ. ಆದರೆ ಅವಳು ಶುರು ಮಾಡಿದರೆ ವಾಕ್ಯ ಬರೆಯುವುದಕ್ಕೇ ಕೈ ಸಾಲದು, ಇನ್ನು ಊರು ಕೇರಿ ಎಲ್ಲಿ ಬರೆಯಲಿ? ಈ ಚೀಟಿಗಳನ್ನು ಜೇಬಿನಲ್ಲಿಟ್ಟರೆ ಒಗೆಯುವಾಗ ಅವಳ ಕೈಗೆ ಸಿಗುತ್ತವೆ, ಚೀಲದಲ್ಲಿಟ್ಟರೆ ಅಮ್ಮನ ಕೈಗೆ. ಅವರಿಬ್ಬರೂ ಬಿಚ್ಚದ ಒಂದೇ ಜಾಗ ಎಂದರೆ, ಕಟ್ಟಿದ ರಿಬ್ಬನ್ನಿನ ಒಳಗೆ. ಭಾರಕ್ಕೆ ಭಾರವೂ ಆಯಿತು, ಭದ್ರತೆಗೆ ಭದ್ರತೆಯೂ ಆಯಿತು ಎಂದು ಹತ್ತೊಂಬತ್ತನ್ನೂ ಒಳಗೆ ಹಾಕಿ, ಪೆಟ್ಟಿಗೆಯನ್ನು ಬೀರುವಿನ ಮೇಲೆ, ಅರ್ಧ ಕಾಣುವ ಹಾಗೆ ಅರ್ಧ ಅಡಗಿಸಿದ ಹಾಗೆ ಇಟ್ಟೆ.

ಅವಳು ಕೋಣೆಗೆ ಬಂದಳು. ಬೀರುವಿನ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

“ಊಟಕ್ಕೆ ಏಳಿ,” ಎಂದಳು.

ಅಷ್ಟೇ!

ಇರಲಿ, ಊಟದ ಹೊತ್ತಿಗೆ ಶುರುವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಬೆಳಗ್ಗೆ ಆಗುತ್ತದೆ ಎಂದುಕೊಂಡೆ. ಬೆಳಗ್ಗೆ ಬಿಸಿನೀರು ಕಾಯಿಸಿಟ್ಟು, ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, ನಗುನಗುತ್ತಾ ಕಳಿಸಿದಳು. ಎರಡನೇ ದಿನ ನಾನು ಬೇಕೆಂತಲೇ ಒಂದು ಗಂಟೆ ತಡವಾಗಿ ಬಂದೆ. “ಸುಸ್ತಾಗಿರ್ಬೇಕು, ಕೂತ್ಕೊಳ್ಳಿ,” ಎಂದಳು. ಮೂರನೇ ದಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಅವಳೆದುರೇ ಕಿವಿಯ ಹತ್ತಿರ ಅಲ್ಲಾಡಿಸಿ, ದೀರ್ಘವಾಗಿ ನಿಟ್ಟುಸಿರು ಬಿಟ್ಟು, ಮತ್ತೆ ಮೇಲಿಟ್ಟೆ. ಅವಳು ಬೇರೆ ಕಡೆ ಮುಖ ತಿರುಗಿಸಿಕೊಂಡು ದಿಂಬಿಗೆ ಕವರು ಹಾಕುತ್ತಿದ್ದಳು. ನಾಲ್ಕನೇ ದಿನ ಸೋಪು ತಂದೆ. ಯಾವ ಅಂಗಡಿ ಎಂದು ಕೂಡ ಕೇಳಲಿಲ್ಲ!

ಅಮ್ಮನನ್ನು ಮಾತಿಗೆಳೆದು ನೋಡಿದೆ.

“ಅಮ್ಮ, ಬೀರು ಮೇಲೆ ಏನೋ ಇದ್ದ ಹಾಗಿದೆಯಲ್ಲ?”

“ಇದ್ರೆ ಇರ್ಲಿ ಬಿಡು. ನಮಗ್ಯಾಕೆ?” ಎಂದಳು ನನ್ನಮ್ಮ.

ಎಪ್ಪತ್ತೆರಡು ವರ್ಷದ ಜೀವಮಾನದಲ್ಲಿ ನನ್ನಮ್ಮ ‘ನಮಗ್ಯಾಕೆ’ ಎಂದದ್ದು ಅದೇ ಮೊದಲು. ನನಗೆ ಭಯವಾಯಿತು.

ಕಚೇರಿಯಲ್ಲಿ ಪೆನ್ಸಿಲ್ ದಿನದಿಂದ ದಿನಕ್ಕೆ ಅರಳುತ್ತಿದ್ದ. ಬೆಳಗ್ಗೆ ಬಂದವನೇ ಜೇಬಿನಿಂದ ಎರಡು ಮೂರು ಚೀಟಿ ತೆಗೆದು, ಮುಚ್ಚಿಕೊಂಡು ಖಾನೆಗೆ ಹಾಕಿ ಬೀಗ ಜಡಿಯುತ್ತಿದ್ದ. “ಎಲ್ಲಿ ಸಿಕ್ತಪ್ಪಾ?” ಎಂದರೆ, “ದೇವರು ದೊಡ್ಡವನು, ಮನೆ ಬಾಗಿಲಿಗೇ ಕಳಿಸ್ತಾನೆ,” ಎನ್ನುತ್ತಿದ್ದ. ನನ್ನ ಖಾನೆಯಲ್ಲಿ ಇದ್ದದ್ದು ಎರಡೇ ಚೀಟಿ. ಅದರಲ್ಲೊಂದು ಬಸ್ಸಿನ ಟಿಕೆಟ್ ತಪಾಸಣೆಯವನು ನನ್ನನ್ನೇ ಬೈದದ್ದು.

ಆರನೇ ದಿನದ ಹೊತ್ತಿಗೆ ನನ್ನ ಸ್ಥಿತಿ ಬೇರೆಯಾಗಿತ್ತು. ಕುರ್ಚಿಯ ಚಿಂತೆ ಹೋಗಿ ಹೆಂಡತಿಯ ಚಿಂತೆ ಹತ್ತಿಕೊಂಡಿತ್ತು ಎಂದರೆ ಸುಳ್ಳಾಗುತ್ತದೆ, ಎರಡೂ ಇದ್ದವು. ಮನೆಗೆ ಬಂದರೆ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಆ ಗಡಿಯಾರಕ್ಕೆ ಸದ್ದಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಜೆ ಹೊತ್ತು ಅವಳು ಮನೆಯಲ್ಲೂ ಇರುತ್ತಿರಲಿಲ್ಲ. ಬಂದಾಗ ಮುಖದಲ್ಲಿ ಏನೋ ಕಳೆ, ಬಾಯಲ್ಲಿ ಏನೋ ಗುನುಗು. ಕೊನೆಗೆ ತಡೆಯಲಾರದೆ ನಾನೇ ಬಾಯಿ ಬಿಟ್ಟೆ.

“ಎಲ್ಲಿಗೆ ಹೋಗಿದ್ದೆ?”

“ಇಲ್ಲೇ.”

“ಇಲ್ಲೇ ಅಂದ್ರೆ ಎಲ್ಲಿ? ಯಾರ ಜೊತೆ? ಅಷ್ಟು ಹೊತ್ತು ಏನ್ ಮಾತು? ನಗು ಬೇರೆ ಯಾಕೆ?”

“ಅಯ್ಯೋ, ಇದೇನ್ರಿ ಇದು ಪೊಲೀಸ್ ತನಿಖೆ ಥರ!” ಎಂದು ಅವಳು ಕಣ್ಣರಳಿಸಿದಳು.

ತನಿಖೆ! ಪಟ್ಟಿಯಲ್ಲಿ ಆರನೇ ಪದ! ಬರೆದುಕೊಳ್ಳೋಣವೆಂದು ಜೇಬು ತಡಕಿದೆ. ಚೀಟಿಯೆಲ್ಲ ಪೆಟ್ಟಿಗೆಯೊಳಗೆ. ಪೆಟ್ಟಿಗೆ ಬಿಚ್ಚಿದರೆ ಗುಟ್ಟು ರಟ್ಟು. ಅಂಗೈ ಮೇಲೆ ಬರೆದುಕೊಂಡೆ, ಪಾತ್ರೆ ತೊಳೆಯುವಾಗ ಅಳಿಸಿಹೋಯಿತು. (ಹೌದು, ನಾನು ಪಾತ್ರೆ ತೊಳೆಯುತ್ತೇನೆ. ಅದು ಬೇರೆ ಕಥೆ.)

ಹತ್ತನೇ ದಿನ, ಅಂದರೆ ಚೀಟಿ ಒಪ್ಪಿಸುವ ಹಿಂದಿನ ದಿನ, ಸಂಜೆ ಖಾಲಿ ಜೇಬಿನಲ್ಲೇ ಮನೆಗೆ ಬಂದೆ. ಬಾಗಿಲಲ್ಲಿ ಗುರುತಿನ ಚಪ್ಪಲಿಗಳು ಕಂಡವು. ಒಳಗೆ ಹೋದರೆ ಸೋಫಾದ ಮೇಲೆ ಪೆನ್ಸಿಲ್, ಪಕ್ಕದಲ್ಲಿ ಅವನ ಮಿತಭಾಷಿ ಹೆಂಡತಿ. ಎದುರಿನ ದೊಡ್ಡ ಕುರ್ಚಿಯಲ್ಲಿ, ಕೈಯಲ್ಲಿ ಚಹಾದ ಬಟ್ಟಲು ಹಿಡಿದು, ಸಾಕ್ಷಾತ್ ದೊಡ್ಡವರು! ಮಧ್ಯದ ಮೇಜಿನ ಮೇಲೆ, ರಿಬ್ಬನ್ ಸಮೇತ, ನನ್ನ ನೀಲಿ ಪೆಟ್ಟಿಗೆ.

“ಬಾರೋ ಬಾ,” ಎಂದಳು ಅಮ್ಮ. “ಹೆಂಡ್ತಿ ಹುಟ್ಟಿದ ದಿನಾನೂ ಹೀಗೇನಾ ತಡವಾಗಿ ಬರೋದು?”

ಹೆಂಡತಿಯ ಹುಟ್ಟಿದ ದಿನ! ಹೊಸ ಬಟ್ಟೆ ಉಟ್ಟು ಬಾಗಿಲ ಪಕ್ಕ ನಿಂತಿದ್ದಳು. ಹದಿನಾರು ವರ್ಷದಲ್ಲಿ ಒಮ್ಮೆಯೂ ಆ ದಿನ ನನಗೆ ತಾನಾಗಿ ನೆನಪಾದದ್ದಿಲ್ಲ.

“ಇವತ್ತಿಗೆ ನನ್ನನ್ನ ಕರೆಯೋಕೆ ಅಂತ ನಿಮ್ಮ ಮನೆಯವರು ಸೋಮವಾರ ಕಚೇರಿಗೆ ಬಂದಿದ್ರು ಕಣ್ರೀ, ನೀವು ಪ್ರೆಸ್ಸಿಗೆ ಹೋಗಿದ್ದಾಗ,” ಎಂದರು ದೊಡ್ಡವರು. “ಪೆಟ್ಟಿಗೇಲಿ ಏನಿರಬಹುದು ಅಂತ ನನ್ನನ್ನ ಎಷ್ಟು ನಯವಾಗಿ ಬಾಯಿಬಿಡಿಸೋಕೆ ನೋಡಿದ್ರು ಅಂತೀರಿ! ನನಗೆ ಗೊತ್ತಿದ್ದಿದ್ರೆ ಹೇಳಿಬಿಡ್ತಿದ್ದೆ.”

“ನಮ್ಮನೇಲೂ ಅಷ್ಟೆ,” ಎಂದ ಪೆನ್ಸಿಲ್, ಹಲ್ಲು ಕಿರಿಯುತ್ತಾ. “ಅತ್ತಿಗೆ ದಿನಾ ಸಂಜೆ ಬಂದು ಇವಳ ಹತ್ರ ಎಲ್ಲಾ ವರದಿ ಕೊಡ್ತಿದ್ರು. ಯಾವ್ಯಾವ ಅಂಗಡೀಲಿ ವಿಚಾರಿಸಿದೆ, ಹೇಗೆ ಸುಳಿವು ಹಿಡಿದೆ ಅಂತ. ನಾನು ಪಕ್ಕದ ಕೋಣೇಲಿ ಸುಮ್ನೆ ಕೂತಿದ್ದೆ, ಅಷ್ಟೆ. ಹನ್ನೊಂದು ಪದ ಆಯ್ತು!”

ದೇವರು ಮನೆ ಬಾಗಿಲಿಗೆ ಕಳಿಸುತ್ತಿದ್ದದ್ದು ನನ್ನ ಹೆಂಡತಿಯನ್ನು. ನನ್ನ ಸ್ವಂತ ಗಣಿಯನ್ನು ಹಿಂದಿನ ಬೀದಿಯವನು ತೋಡಿಕೊಂಡಿದ್ದ.

“ಮತ್ತೆ ನನ್ನ ಹತ್ರ ಯಾಕೆ ಒಂದು ಮಾತೂ ಕೇಳ್ಲಿಲ್ಲ ನೀನು?” ಎಂದೆ.

“ನಿಮ್ಮನ್ನ ಕೇಳಿದ್ರೆ ಮಜಾ ಏನಿರತ್ತೆ?” ಎಂದು ಅವಳು ನಾಚಿಕೊಂಡಳು. “ನೋಡಿದ ತಕ್ಷಣ ಗೊತ್ತಾಯ್ತು ನಂಗೆ. ಇಷ್ಟು ವರ್ಷಕ್ಕೆ ಒಂದ್ಸಲ ನೆನಪಿಟ್ಕೊಂಡು ತಂದಿದಾರೆ, ಕೇಳಿ ಹಾಳ್ ಮಾಡ್ಬಾರ್ದು ಅಂತ ಅತ್ತೆಗೂ ಆಣೆ ಹಾಕ್ಸಿದ್ದೆ. ಎಷ್ಟು ಕಷ್ಟ ಆಯ್ತು ಗೊತ್ತಾ? ನಾಲಿಗೆ ಕಚ್ಕೊಂಡು ಕಚ್ಕೊಂಡು ಊಟ ಮಾಡಿದೀನಿ. ಒಳಗೆ ಏನಾದ್ರೂ ಇರ್ಲಿ ರೀ. ನೆನಪಿಟ್ಕೊಂಡ್ರಲ್ಲ, ಅದೇ ಸಾಕು.”

ಇದನ್ನು ಕೇಳಿ ನನಗೆ ನಿಂತ ನೆಲವೇ ಬಾಯಿ ತೆರೆಯಬಾರದೇ ಅನ್ನಿಸಿತು. ನೆಲ ತೆರೆಯಲಿಲ್ಲ. ಪೆಟ್ಟಿಗೆ ತೆರೆಯುವ ಮಾತು ಮಾತ್ರ ಮುಂದುವರಿಯಿತು. “ಈಗ ಬೇಡ, ಆಮೇಲೆ...” ಎಂದು ಪೆಟ್ಟಿಗೆಗೆ ಕೈ ಹಾಕಿದೆ. “ರಿಬ್ಬನ್ ಸ್ವಲ್ಪ ಸಡಿಲ ಆಗಿದೆ, ಒಳಗೆ ಹೋಗಿ ಸರಿಮಾಡ್ಕೊಂಡು...” ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಎಪ್ಪತ್ತೆರಡರ ಆ ಹಿಡಿತ ನೀವು ನೋಡಬೇಕಿತ್ತು.

“ಬಿಚ್ಚು ಮಗಳೇ,” ಎಂದಳು.

ರಿಬ್ಬನ್ ಬಿಚ್ಚಿತು. ಕಾಗದ ಸರಿಯಿತು. ಮುಚ್ಚಳ ಎದ್ದಿತು.

“ಅಯ್ಯೋ, ಚೀಟಿಗಳು!” ಎಂದಳು ನನ್ನಾಕೆ, ಮುಖ ಇನ್ನೂ ಅರಳಿಸಿಕೊಂಡೇ. “ನಂಗೆ ಪತ್ರ ಬರೆದಿದಾರೆ ಅತ್ತೆ!” ಒಂದನ್ನು ಎತ್ತಿ ಜೋರಾಗಿ ಓದಿದಳು. “ಪದ: ಜಾಲಾಡು. ಆಡಿದವರು: ಹೆಂಡತಿ. ಸ್ಥಳ: ಮಲಗುವ ಕೋಣೆ. ಸಂದರ್ಭ: ಬೀರುವಿನ ಮೇಲಿನ ಪೆಟ್ಟಿಗೆ ಕಂಡು ಅನುಮಾನ. ವಾಕ್ಯ...” ಚೀಟಿ ತಿರುಗಿಸಿದಳು. “ವಾಕ್ಯ ಇಲ್ಲ.”

ದೊಡ್ಡವರು ಬಟ್ಟಲು ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಒಂದೊಂದೇ ಚೀಟಿ ಎತ್ತಿ ನೋಡಿದರು. ಹತ್ತೊಂಬತ್ತನ್ನೂ ನೋಡಿದರು.

“ಮಾತು ಹುಟ್ಟೋಕೆ ಮುಂಚೆ ಚೀಟಿ!” ಎಂದರು ಮೆಲ್ಲಗೆ. “ಆಡದೇ ಇರೋ ಮಾತಿಗೆ ಆಡಿದವರ ಹೆಸರು! ಹನ್ನೊಂದು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿ ಇದನ್ನೇನಾ ಕಲ್ತದ್ದು?”

ಅಲ್ಲಿಗೆ ಕಿಟಕಿಯ ಪಕ್ಕದ ಕುರ್ಚಿಗೆ ಎಳ್ಳುನೀರು ಬಿಟ್ಟ ಹಾಗಾಯಿತು. ಆದರೆ ಆ ಕ್ಷಣ ನನಗೆ ಕುರ್ಚಿ ಕಾಣುತ್ತಿರಲಿಲ್ಲ. ನನ್ನಾಕೆಯ ಮುಖ ಕಾಣುತ್ತಿತ್ತು. ಅವಳು ಒಂದೊಂದೇ ಚೀಟಿ ಜೋಡಿಸುತ್ತಾ, ಒಂದೊಂದೇ ವಿಷಯ ಜೋಡಿಸಿಕೊಳ್ಳುತ್ತಿದ್ದಳು. ಅರಳಿದ ಮುಖ ನಿಧಾನವಾಗಿ ಮುಚ್ಚಿಕೊಂಡಿತು. ಮನೆಯಲ್ಲಿ ಮತ್ತೆ ಗಡಿಯಾರದ ಸದ್ದು ಕೇಳಿಸಿತು.

ಆಮೇಲೆ ಹತ್ತು ದಿನದ ಬಾಕಿ ಒಟ್ಟಿಗೇ ಒಡ್ಡು ಒಡೆದುಕೊಂಡು ಬಂತು ನೋಡಿ!

“ಅಂದ್ರೆ ಇದು ನಂಗಲ್ಲ? ನನ್ನ ಕೆದಕಿ ಮಜಾ ನೋಡೋಕೆ ಇಟ್ಟಿದ್ದಾ? ನಾನೇನು ನಿಮ್ಮ ಪ್ರಯೋಗದ ಇಲೀನಾ? ಅಲ್ಲಾ ರೀ, ಇವತ್ತು ಯಾವ ದಿನ ಅಂತ ಬಾಗಿಲೊಳಗೆ ಕಾಲಿಡೋವರೆಗೂ ಗೊತ್ತಿತ್ತಾ ನಿಮಗೆ? ಹೇಳಿ. ಐದು ಅಂಗಡಿ ಜಾಲಾಡ್ಕೊಂಡು ಬಂದೆನಲ್ಲ, ಆ ಅಂಗಡಿಯವರೆಲ್ಲ ಏನಂದ್ಕೊಂಡಿರ್ಬೇಕು? ‘ಅನುಮಾನ’ ಅಂತ ಬರ್ದಿದೀರಲ್ಲ, ನನಗೆ ನಿಮ್ಮ ಮೇಲೆ ಯಾವತ್ತಾದ್ರೂ ಅನುಮಾನ ಬಂದಿದ್ಯಾ? ಸುಮ್ನೆ ವಿಚಾರಿಸ್ಕೊಳ್ತೀನಿ ಅಷ್ಟೆ. ಅದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ದೆ ಅದೇನ್ ನಿಘಂಟು ಬರೀತೀರಿ ನೀವು?”

ಸರ್‌ಸರ್ ಎಂಬ ಸದ್ದು ಕೇಳಿ ತಿರುಗಿದೆ. ಪೆನ್ಸಿಲ್ ಮೊಣಕಾಲ ಮೇಲೆ ಚೀಟಿಯಿಟ್ಟುಕೊಂಡು ಬೆವರು ಸುರಿಸುತ್ತಾ ಬರೆಯುತ್ತಿದ್ದ. ದೊಡ್ಡವರು ಅವನ ಜೇಬಿಗೇ ಕೈ ಹಾಕಿ ನಾಲ್ಕು ಚೀಟಿ ಎಳೆದುಕೊಂಡು ತಾವೂ ಬರೆಯುತ್ತಿದ್ದರು. ನನ್ನೊಳಗಿನ ಉಪಸಂಪಾದಕ ತಡೆಯದೆ ಪೆನ್ನಿಗೆ ಕೈ ಹಾಕಿದ.

“ನೀವ್ ಬರೀಬೇಡಿ,” ಎಂದರು ದೊಡ್ಡವರು ತಲೆ ಎತ್ತದೆ. “ನೀವು ಉತ್ತರ ಕೊಡಿ. ನಿಲ್ಲಿಸಬೇಡಿ ತಾಯಿ, ವ್ಯತ್ಯಾಸದ ಮಾತು ಬಹಳ ಚೆನ್ನಾಗಿತ್ತು. ಮುಂದೆ?”

ನನ್ನಾಕೆ ಕಣ್ಣು ಒರೆಸಿಕೊಂಡು, ಸ್ವರ ಇಳಿಸಿ, ಒಂದೇ ಒಂದು ಪ್ರಶ್ನೆ ಕೇಳಿದಳು.

“ಹತ್ತು ದಿನ ನಾನು ಏನೂ ಕೇಳ್ಲಿಲ್ವಲ್ಲ. ನಿಮಗೆ ಏನನ್ನಿಸ್ತು?”

ಮಾತಿನ ಅರ್ಥ ಹೇಳಿ ಸಂಬಳ ತೆಗೆದುಕೊಳ್ಳುವ ನನಗೆ ಒಂದು ಒಳ್ಳೆಯ ಪದ ಸಿಗಲಿಲ್ಲ. ಇದ್ದದ್ದನ್ನೇ ಹೇಳಿದೆ.

“ಮನೇಲಿ ಯಾರೂ ಇಲ್ಲ ಅನ್ನಿಸ್ತು ಕಣೇ. ಸೋಪು ತಂದು ನಿಂತಿದ್ದೆ, ಯಾವ ಅಂಗಡಿ ಅಂತ ನೀನು ಕೇಳ್ಲಿಲ್ಲ. ಅಳು ಬಂದ ಹಾಗಾಯ್ತು. ನೀನು ಕೇಳದೇ ಇದ್ರೆ ನಾನು ಎಲ್ಲಿಗೆ ಹೋಗಿ ಬಂದ್ರೂ ಹೋಗದ ಹಾಗೇ. ನೀನು ಎಷ್ಟು ಬೇಕಾದ್ರೂ ಕೇಳು, ಏನು ಬೇಕಾದ್ರೂ ಕೇಳು, ನಾನು ಹೇಳ್ತೀನಿ.”

ಅಮ್ಮ ನನ್ನ ಮಣಿಕಟ್ಟು ಬಿಟ್ಟಳು. ಹದಿನಾರು ವರ್ಷದಲ್ಲಿ ನಾನಾಡಿದ ಅತಿ ಒಳ್ಳೆಯ ಮಾತು ಅದು ಎಂದು ನನಗೇ ಗೊತ್ತಾಯಿತು. ನನ್ನಾಕೆ ಪೆನ್ಸಿಲ್ ಕಡೆ ತಿರುಗಿದಳು.

“ಇದನ್ನ ಬರ್ಕೊಂಡ್ರಾ?”

“ಇಲ್ಲ ಅತ್ತಿಗೆ,” ಎಂದ ಅವನು, ಚೀಟಿಗಳನ್ನು ಜೋಡಿಸಿ ದಾರ ಸುತ್ತುತ್ತಾ. “ಅದು ಉತ್ತರ ಅಲ್ವಾ? ನಮಗೆ ಬೇಕಿರೋದು ಬರೀ ಪ್ರಶ್ನೆ.”

“ನಿಮಗೆ ಬೇಡದಿದ್ರೆ ಬೇಡ, ನನಗೆ ಬೇಕು,” ಎಂದು ಅವಳು ಅವನ ಕಿವಿಯ ಮೇಲಿನ ಪೆನ್ಸಿಲ್ಲನ್ನೇ ಕಿತ್ತುಕೊಂಡಳು. (ಕ್ಷೌರದವನಿಗೆ ಆಗದ ಕೆಲಸ.) ಒಂದು ಖಾಲಿ ಚೀಟಿ ಎಳೆದು, ತುಟಿ ಕಚ್ಚಿಕೊಂಡು, ನಾನು ಹೇಳಿದ್ದನ್ನು ಅಕ್ಷರ ಬಿಡದೆ ಬರೆದಳು. ಆಡಿದವರು: ಗಂಡ. ಸ್ಥಳ: ನಡುಮನೆ. ಬರೆದು ಒಮ್ಮೆ ಓದಿದಳು. ಅವಳ ಮುಖದಲ್ಲಿ ನಗುವಿನ ಗೆರೆ ಕಂಡು ನನಗೆ ಹೋದ ಜೀವ ಬಂತು. ಬದುಕಿದೆಯಾ ಬಡಜೀವವೇ ಎಂದುಕೊಳ್ಳುವಷ್ಟರಲ್ಲಿ ಚೀಟಿಯನ್ನು ನನ್ನ ಮುಂದೆ ತಳ್ಳಿದಳು.

“ಎಷ್ಟು ಬೇಕಾದ್ರೂ ಕೇಳು, ಏನು ಬೇಕಾದ್ರೂ ಕೇಳು ಅಂದ್ರಲ್ಲ. ಇಲ್ಲಿ ಸಹಿ ಹಾಕಿ.”

ಹಾಕಿದೆ. ಸಾಕ್ಷಿಗೆ ಅಮ್ಮ ಹಾಕಿದಳು, ಪೆನ್ಸಿಲ್ ಹಾಕಿದ, ಅವನ ಮಿತಭಾಷಿ ಹೆಂಡತಿ ಮೊಟ್ಟಮೊದಲ ಬಾರಿಗೆ ಬಾಯಿ ತೆರೆದು “ತಾರೀಕು ಹಾಕ್ಸಿ ಅಕ್ಕ,” ಎಂದಳು. ದೊಡ್ಡವರು ಕೊನೆಗೆ ಸಹಿ ಮಾಡಿ, ಕೆಳಗೆ ಕಚೇರಿಯ ಮೊಹರು ಬೇಕಾದರೆ ನಾಳೆ ಕಳಿಸಿಕೊಡಿ, ಒತ್ತಿಸಿಕೊಡುತ್ತೇನೆ ಎಂದರು. ಕಳಿಸಿದಳು. ತೆಗೆದುಕೊಂಡು ಹೋದವನು ನಾನೇ. ಒತ್ತಿಕೊಟ್ಟವನು ನಮ್ಮ ಹೊಸ ಸಹಾಯಕ ಸಂಪಾದಕ, ಕಿಟಕಿಯ ಪಕ್ಕ, ಎರಡೂ ಕೈ ಕುರ್ಚಿಯ ಕೈಗಳ ಮೇಲಿಟ್ಟುಕೊಂಡು.